ಹೆಸರಿನ ಕಾಲಂ ಕೊನೆಗೂ ದಾರಿಗೆ ಬಂತು: ನನ್ನ ಅನುಭವ

ನಮ್ಮ ಕಾಲೇಜಿನ ಸುಮಾರು 11,000 ಹರ್ಬೇರಿಯಂ ಹಾಳೆಗಳು, ಅಂದರೆ ಒಣಗಿಸಿ ಅಂಟಿಸಿ ಹೆಸರಿನ ಚೀಟಿ ಹಚ್ಚಿದ ಗಿಡಗಳು. ಜೊತೆಗೆ ಪ್ರಾಣಿಶಾಸ್ತ್ರ ವಿಭಾಗದವರು ಕೊನೆಯ ಗಳಿಗೆಯಲ್ಲಿ ತಂದು ಸುರಿದ ಹಕ್ಕಿ, ಸೊಳ್ಳೆ, ರೇಷ್ಮೆಹುಳುಗಳ 800 ಚಿಲ್ಲರೆ ದಾಖಲೆಗಳು. ಇಷ್ಟೂ ಡಾರ್ವಿನ್ ಕೋರ್ ಎಂಬ ದತ್ತಾಂಶ ಮಾನದಂಡದ ರೂಪದಲ್ಲಿ, ಪ್ರಕಟಣೆಯ ತಂತ್ರಾಂಶವಾದ ಐಪಿಟಿಗೆ ಏರಿ, ಜಗತ್ತಿನ ಜೀವಿ ದಾಖಲೆಗಳ ಮುಕ್ತ ಭಂಡಾರವಾದ ಜಿಬಿಫ್‌ನಲ್ಲಿ ಕಾಣಿಸಿಕೊಂಡಿವೆ. ವೈಜ್ಞಾನಿಕ ಹೆಸರಿನ ಬಗೆಗಿನ ಎಚ್ಚರಿಕೆಗಳು ಮೊದಲು ಸಾವಿರಗಟ್ಟಲೆ ಬರುತ್ತಿದ್ದವು. ಈಗ 300ರ ಆಸುಪಾಸು. ಆ ಮುನ್ನೂರನ್ನೂ ಬೇಕೆಂದೇ ಬಿಟ್ಟಿದ್ದೇವೆ. ಮೈಸೂರಿನಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಹೆಚ್ಚಿನವರು ನನಗೆ ಹೇಳಿದ ಬುದ್ಧಿಮಾತು ಒಂದೇ: ‘ಹೆಸರಿನ ಕಾಲಂ ಎಂದಿಗೂ ಸರಿಹೋಗುವುದಿಲ್ಲ ಮೇಡಂ, ಕುಲ ಮತ್ತು ಪ್ರಭೇದ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿಬಿಡಿ.’ ಕತ್ತರಿಸದೆಯೂ ಆಗುತ್ತದೆ, ಆಗಿದೆ. ದತ್ತಾಂಶ ಸ್ವಚ್ಛಗೊಳಿಸುವ ತಂತ್ರಾಂಶವಾದ ಓಪನ್‌ರಿಫೈನ್ ಬಳಸಿದವರಿಗೆ, ಒಮ್ಮೆಯಾದರೂ ಐಪಿಟಿಯ ಮುಂದೆ ಕುಳಿತು ತಲೆ ಚಚ್ಚಿಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಪೀಠಿಕೆ ಬೇಡ.

ಮೊದಲು ದುಡ್ಡು ಹೋದ ಕಥೆ. ನಾನು ಬರುವ ಮೊದಲೇ ಕಾಲೇಜಿನ ಸಮಿತಿ ಡೇಟಾ ಎಂಟ್ರಿಯ ಒಂದು ಸಂಸ್ಥೆಗೆ ಹಾಳೆಗೆ 6 ರೂಪಾಯಿಯಂತೆ ಗುತ್ತಿಗೆ ಕೊಟ್ಟಿತ್ತು. ಒಟ್ಟು 66,000 ರೂಪಾಯಿ, ಮೇಲೆ ತೆರಿಗೆ. ಕೆಲಸ ನೋಡಲು ಬಲು ಚೆನ್ನಾಗಿತ್ತು, ಖಾಲಿ ಮನೆ ಒಂದೂ ಇರಲಿಲ್ಲ. ಆದರೆ ಅವರ ಫಾರಂನಲ್ಲಿ ಹೆಸರಿಗೆ ಇದ್ದದ್ದು ಎರಡೇ ಮನೆ: ಕುಲ, ಪ್ರಭೇದ. ಚಾಮುಂಡಿ ಬೆಟ್ಟದ ತಪ್ಪಲಿನ ಒಂದು ಕರಿಜಾಲಿಯ ಹಾಳೆ ತೆಗೆದುಕೊಳ್ಳಿ. ಚೀಟಿಯ ಮೇಲೆ ಮಸಿಯಲ್ಲಿ ಬರೆದದ್ದು ‘ಅಕೇಶಿಯ ನಿಲೋಟಿಕಾ (ಎಲ್.) ವಿಲ್ಡ್. ಎಕ್ಸ್ ಡೆಲಿಲೆ ಸಬ್‌ಸ್ಪೀ. ಇಂಡಿಕಾ (ಬೆಂಥ್.) ಬ್ರೆನನ್’. ಇದರಲ್ಲಿ ಎಲ್., ವಿಲ್ಡ್., ಬೆಂಥ್. ಎಲ್ಲ ಹೆಸರಿಟ್ಟ ಕರ್ತೃಗಳು, ‘ಸಬ್‌ಸ್ಪೀ.’ ಎಂದರೆ ಉಪಪ್ರಭೇದ. ಟೈಪು ಮಾಡಿದ ಹುಡುಗಿ ಮೊದಲನೆಯ ಪದವನ್ನೂ ಕೊನೆಯ ಲ್ಯಾಟಿನ್ ಪದವನ್ನೂ ತೆಗೆದುಕೊಂಡು ‘ಅಕೇಶಿಯ ಇಂಡಿಕಾ’ ಎಂದು ಮುಗಿಸಿದ್ದಳು. ಅವಳನ್ನು ಅಂದು ಪ್ರಯೋಜನವಿಲ್ಲ, ಎರಡು ಮನೆಗೆ ಅವಳು ಇನ್ನೇನು ತುಂಬಬೇಕಿತ್ತು? ಇಂಥ ತಪ್ಪನ್ನು ಯಂತ್ರ ಹಿಡಿಯುವುದೂ ಇಲ್ಲ. ರೂಪದಲ್ಲಿ ಅದು ಅಚ್ಚುಕಟ್ಟಾದ ದ್ವಿನಾಮ, ಹೆಸರನ್ನು ಭಾಗಭಾಗವಾಗಿ ಬಿಡಿಸುವ ತಂತ್ರಾಂಶ, ಅಂದರೆ ಪಾರ್ಸರ್, ಅದಕ್ಕೆ ಒಂದನೆಯ ದರ್ಜೆ ಕೊಟ್ಟು ಬೆನ್ನು ತಟ್ಟುತ್ತದೆ.

ಸಂಸ್ಥೆಯವರನ್ನು ಕೇಳಿದ್ದಕ್ಕೆ ‘ಫಾರಂ ನೀವೇ ಒಪ್ಪಿದ್ದಲ್ಲವೇ’ ಎಂದರು. ದುಡ್ಡು ವಾಪಸು ಬರಲಿಲ್ಲ.

ಆಮೇಲೆ ನಮ್ಮಲ್ಲಿದ್ದ ಹುಡುಗನೊಬ್ಬ ಸ್ಪ್ರೆಡ್‌ಶೀಟ್ ಸೂತ್ರ ಬರೆದು ಒಂದಿಷ್ಟು ಹೆಸರುಗಳನ್ನು ಪದಪದವಾಗಿ ಒಡೆದ. ತೇಗದ ಹಾಳೆಗಳೆಲ್ಲ ನೆಲಕಚ್ಚಿದವು. ಟೆಕ್ಟೋನಾ ಗ್ರ್ಯಾಂಡಿಸ್ ಎಲ್.ಎಫ್. ಎಂಬಲ್ಲಿ ಎಲ್.ಎಫ್. ಎಂದರೆ ಲಿನೇಯಸನ ಮಗ. ನಮ್ಮ ಹಳೆಯ ಮೇಷ್ಟ್ರುಗಳು ‘ಎಲ್.’ ಮತ್ತು ‘ಎಫ್.’ ನಡುವೆ ಧಾರಾಳವಾಗಿ ಜಾಗ ಬಿಟ್ಟು ಬರೆಯುತ್ತಿದ್ದರು. ಸೂತ್ರ ಆ ‘ಎಫ್.’ ಅನ್ನು ಫಾರ್ಮಾ (ಪ್ರಭೇದದೊಳಗಿನ ಒಂದು ಕಿರು ಮಟ್ಟ) ಎಂದು ತಿಳಿದು, ಮುಂದಿನ ಪದ ಸಿಗದೆ, ಸಂಗ್ರಹಕಾರನ ಹೆಸರನ್ನೇ ಎಳೆದು ತಂದು ಹಾಕಿತು. ರಕ್ತಚಂದನಕ್ಕೂ ಅದೇ ಗತಿ. ಹೂಕರನ ಮಗನ ಹೆಸರಿದ್ದ ನೂರಾರು ಹಾಳೆಗಳ ಪಾಡನ್ನು ನೀವೇ ಊಹಿಸಿಕೊಳ್ಳಿ.

ಜಿಎನ್‌ಪಾರ್ಸರ್ ಎಷ್ಟೋ ವಾಸಿ. ಉಚಿತ, ಕಣ್ಣುಮುಚ್ಚಿ ತೆರೆಯುವುದರಲ್ಲಿ ಸಾವಿರಾರು ಹೆಸರು ಮುಗಿಸುತ್ತದೆ, ಪ್ರತಿ ಹೆಸರಿಗೆ 1ರಿಂದ 4ರವರೆಗೆ ದರ್ಜೆ ಕೊಡುತ್ತದೆ. ಇಡೀ ಕಾಲಂ ಅನ್ನು ಅದಕ್ಕೆ ಸುರಿದಾಗ ಐದನೆಯ ಒಂದು ಭಾಗ ಕೆಳದರ್ಜೆಗೆ ಬಿತ್ತು ಎಂದು ನೆನಪು. ದೋಷ ಪಾರ್ಸರ್‌ನದಲ್ಲ. ಹೆಸರೇ ಅಲ್ಲದ ಸಾಲುಗಳನ್ನು ಹೆಸರೆಂದು ಅದರ ಬಾಯಿಗೆ ತುರುಕಿದರೆ ಅದು ತಾನೇ ಏನು ಮಾಡೀತು?

ಅಲ್ಲಿಂದ ನನ್ನ ದಾರಿ ತಿರುಗಿತು. ಚೀಟಿಯ ಮೇಲೆ ಇರುವುದನ್ನು ಚುಕ್ಕೆ, ಜಾಗ, ಪ್ರಶ್ನಾರ್ಥಕ ಚಿಹ್ನೆ ಸಮೇತ ವರ್ಬೇಟಿಮ್ ಐಡೆಂಟಿಫಿಕೇಶನ್ ಕಾಲಂಗೆ ಇಳಿಸಿ, ಆ ಕಾಲಂಗೆ ಬೀಗ ಹಾಕಿದೆ. ಅದನ್ನು ತಿದ್ದುವ ಹಕ್ಕು ನನಗೂ ಇಲ್ಲ. ಈ ಮರುಟೈಪಿಗೆ ಎಂಎಸ್ಸಿ ವಿದ್ಯಾರ್ಥಿಗಳಿಗೆ ಹಾಳೆಗೆ 2 ರೂಪಾಯಿ ಕೊಟ್ಟೆ, 22,000 ಹೋಯಿತು. ಬಳಿಕ ಆ ಕಾಲಂನ ನಕಲು ತೆಗೆದು ಒಂದೇ ಥರದವನ್ನು ಒಟ್ಟುಗೂಡಿಸಿದೆ. ಹನ್ನೊಂದು ಸಾವಿರ ಸಾಲುಗಳು 3,400ರಷ್ಟು ಬೇರೆಬೇರೆ ಬರಹಗಳಿಗೆ ಇಳಿದವು. ಜಾಗ, ಚುಕ್ಕೆಗಳ ವ್ಯತ್ಯಾಸ ಕಳೆದ ಮೇಲೆ 2,600. ತೇಗವೊಂದನ್ನೇ ಹತ್ತು ಹದಿನೈದು ಥರ ಬರೆದಿದ್ದರು. ಇನ್ನು ಮುಂದೆ ಹಾಳೆಗಳ ಗೊಡವೆ ಇಲ್ಲ. ಈ 2,600 ಬರಹಗಳ ಪಟ್ಟಿಯನ್ನು ಒಮ್ಮೆ ಸರಿಪಡಿಸಿ ಹಾಳೆಗಳಿಗೆ ಮರಳಿ ಜೋಡಿಸಿದರೆ ಮುಗಿಯಿತು. ಕೇಳಿದರೆ ಎಲ್ಲರೂ ‘ಇದು ಗೊತ್ತಿದ್ದದ್ದೇ’ ಎನ್ನುತ್ತಾರೆ. ಮಾಡಿದವರನ್ನು ನಾನು ಕಂಡಿಲ್ಲ.

ಪಾರ್ಸರ್‌ಗೆ ಕೊಡುವ ಮೊದಲು ಇನ್ನೊಂದು ಕಾಲಂ ಸೇರಿಸಿದೆ: ಬಗೆ. ಒಂದೇ ಅಕ್ಷರ. ನೇರ ಹೆಸರೋ, ಸಂಶಯವಿರುವುದೋ, ಸಂಕರ ಸೂತ್ರವೋ, ಹೆಸರಿಟ್ಟ ಸಂಕರವೋ, ಕೃಷಿ ತಳಿಯೋ, ತಪ್ಪಾಗಿ ಅನ್ವಯಿಸಿದ ಹೆಸರೋ, ‘ಸ್ಪೀ. 1’ ಥರದ ತಾತ್ಕಾಲಿಕ ಗುರುತೋ, ಪ್ರಾಣಿಯೋ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರು ದಾರ ಹಿಡಿಯುವ ಮೊದಲು ಮೊಗ್ಗು, ಅರಳು, ಬಾಡಿದ್ದು ಎಂದು ಬಿಡಿಸಿಟ್ಟುಕೊಳ್ಳುವುದಿಲ್ಲವೇ, ಅಷ್ಟೇ ಕೆಲಸ. ಕಣ್ಣಿನಲ್ಲೇ ನೋಡಿ ಹಾಕಬೇಕು. ಬೇಸಿಗೆ ರಜೆಯ ಬಹುಭಾಗ ನಾನೂ ಒಬ್ಬ ವಿದ್ಯಾರ್ಥಿನಿಯೂ ಇದಕ್ಕೇ ಕುಳಿತೆವು. ನೇರ ಹೆಸರುಗಳು ಮಾತ್ರ ಪಾರ್ಸರ್‌ಗೆ ಹೋದವು, ನೂರಕ್ಕೆ ತೊಂಬತ್ತೆಂಟು ಒಂದನೆಯ ದರ್ಜೆಯಲ್ಲಿ ಹೊರಬಂದವು. ಮಿಕ್ಕ ಬಗೆಗಳಿಗೆ ಒಂದೊಂದಕ್ಕೂ ಬೇರೆ ನಿಯಮ.

ಸಂಶಯದವು ಹೆಚ್ಚು ಜಗಳ ತಂದವು. ಕುಕ್ಕರಹಳ್ಳಿ ಕೆರೆ ಏರಿಯ ಒಂದು ಹಾಳೆಯಲ್ಲಿ ‘ಫೈಕಸ್ ಸಿಎಫ್. ವೈರೆನ್ಸ್’ ಎಂದಿದೆ. ‘ಸಿಎಫ್.’ ಎಂದರೆ ‘ಹೋಲಿಸಿ ನೋಡಿ’; ಕುಲ ಖಚಿತ, ಬಸರಿ ಹೌದೋ ಅಲ್ಲವೋ ಗೊತ್ತಿಲ್ಲ ಎಂದರ್ಥ. ‘ಸಿಎಫ್.’ ಕುಲಕ್ಕಿಂತ ಮೊದಲೇ ಬಂದರೆ ಸಂಶಯ ಇಡೀ ಹೆಸರಿಗೇ ಹರಡುತ್ತದೆ. ಆ ಎರಡಕ್ಷರ ಎಲ್ಲಿ ಕುಳಿತಿದೆ ಎಂಬುದರಲ್ಲೇ ಎಲ್ಲ ಇದೆ, ಟೈಪು ಮಾಡುವವರು ಮೊದಲು ಎತ್ತಿ ಎಸೆಯುವುದೂ ಅದನ್ನೇ. ಸೈಂಟಿಫಿಕ್‌ನೇಮ್ ಕಾಲಂನಲ್ಲಿ ಇಂಥ ಸಂಶಯದ ಪದ ಇರಬಾರದು, ಅದಕ್ಕೆ ಐಡೆಂಟಿಫಿಕೇಶನ್ ಕ್ವಾಲಿಫೈಯರ್ ಇದೆ ಎಂದು ಡಾರ್ವಿನ್ ಕೋರ್ ಸ್ಪಷ್ಟವಾಗಿ ಹೇಳುತ್ತದೆ. ಮಾನದಂಡದ ವಿವರಣೆಯಲ್ಲಿ ಓಕ್ ಮರದ ಒಂದು ಉದಾಹರಣೆಯೂ ಇದೆ. ಅದರಲ್ಲಿ ಸಂಶಯವನ್ನು ಕ್ವಾಲಿಫೈಯರ್‌ಗೆ ತಳ್ಳಿ, ಪ್ರಭೇದದ ಪದವನ್ನು ಅದರ ಕಾಲಂನಲ್ಲೇ ಉಳಿಸಿದ್ದಾರೆ. ನಾನು ಅದನ್ನು ಪಾಲಿಸಲಿಲ್ಲ. ನಮ್ಮ ಕಡತದಲ್ಲಿ ಸೈಂಟಿಫಿಕ್‌ನೇಮ್ ಬರೀ ‘ಫೈಕಸ್’, ಟ್ಯಾಕ್ಸನ್‌ರ್ಯಾಂಕ್ ‘ಜೀನಸ್’, ಪ್ರಭೇದದ ಕಾಲಂ ಖಾಲಿ, ಕ್ವಾಲಿಫೈಯರ್‌ನಲ್ಲಿ ‘ಸಿಎಫ್. ವೈರೆನ್ಸ್’. ಒಬ್ಬ ಹಿರಿಯ ಮೇಷ್ಟ್ರು ಕೆಂಡವಾದರು: ‘ಪ್ರಭೇದ ಹಾಕದಿದ್ದರೆ ಆ ಹಾಳೆ ಹುಡುಕುವವರ ಕೈಗೆ ಸಿಗುತ್ತದೆಯೇನಮ್ಮ?’ ಸಾರ್, ಪ್ರಭೇದ ಹಾಕಿದರೆ ನಕಾಶೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಆ ಚುಕ್ಕೆಯ ಪಕ್ಕದಲ್ಲಿ ‘ಸಿಎಫ್.’ ಎಂದು ಯಾರೂ ಬರೆಯುವುದಿಲ್ಲ. ಯಾರೋ ಪಿಎಚ್‌ಡಿ ವಿದ್ಯಾರ್ಥಿ ಚುಕ್ಕೆ ನಂಬಿ ಲೆಕ್ಕ ಹಾಕುತ್ತಾನೆ. ನಿಜವಾಗಿ ಬೇಕಾದವನು ಕ್ವಾಲಿಫೈಯರ್ ಕಾಲಂ ತೆರೆದು ನೋಡಲಿ. 

ಆವರಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಸ್ಯದ ಹೆಸರಿನಲ್ಲಿ ಆವರಣದೊಳಗೆ ಮೊದಲು ಹೆಸರಿಟ್ಟವನು, ಹೊರಗೆ ಕುಲವನ್ನೋ ಮಟ್ಟವನ್ನೋ ಬದಲಿಸಿದವನು. ಪ್ರಾಣಿಗಳಲ್ಲಿ ಹೊರಗೆ ಯಾರೂ ಬರುವುದಿಲ್ಲ. ಆವರಣ ಇದೆ ಎಂದರೆ ಪ್ರಭೇದ ಹುಟ್ಟಿದ ಕುಲದಲ್ಲಿ ಈಗಿಲ್ಲ ಎಂದಷ್ಟೇ. ರಂಗನತಿಟ್ಟಿನ ಎರಡು ಹಕ್ಕಿ ಸಾಕು: ಹೆಜ್ಜಾರ್ಲೆ ‘ಪೆಲಿಕಾನಸ್ ಫಿಲಿಪೆನ್ಸಿಸ್ ಗ್ಮೆಲಿನ್, 1789’, ಆವರಣವಿಲ್ಲ, ಬಣ್ಣದ ಕೊಕ್ಕರೆ ‘ಮಿಕ್ಟೀರಿಯ ಲ್ಯೂಕೋಸೆಫಾಲಾ (ಪೆನ್ನಂಟ್, 1769)’, ಆವರಣವಿದೆ. ಸೊಳ್ಳೆಗೆ ಬಂದರೆ ‘ಈಡೀಸ್ (ಸ್ಟೆಗೋಮಿಯ) ಈಜಿಪ್ಟೈ (ಲಿನೇಯಸ್, 1762)’. ಮೊದಲ ಆವರಣ ಉಪಕುಲ, ಎರಡನೆಯದು ಮನುಷ್ಯ. ಅಲ್ಪವಿರಾಮ ಮತ್ತು ನಾಲ್ಕಂಕಿಯ ಇಸವಿ ಕೊನೆಯಲ್ಲಿದ್ದರೆ ಪ್ರಾಣಿಯ ಗುಂಪಿಗೆ ಹಾಕಿ, ಯಾವ ನಾಮಕರಣ ಸಂಹಿತೆಯ ಹೆಸರೆಂದು ಹೇಳುವ ನೋಮೆನ್‌ಕ್ಲೇಚರಲ್ ಕೋಡ್ ತುಂಬಿ ಎಂದು ಒಂದು ಸಾಲಿನ ನಿಯಮ ಬರೆದೆ, ಹೆಚ್ಚೂಕಡಿಮೆ ಎಲ್ಲವೂ ತಾವಾಗಿಯೇ ಬೇರೆಯಾದವು. ಸಸ್ಯಗಳಲ್ಲಿ ಕಾಡಿದ್ದು ಸ್ವನಾಮದ ಉಪಪ್ರಭೇದಗಳು. ‘ನಿಲೋಟಿಕಾ ಸಬ್‌ಸ್ಪೀ. ನಿಲೋಟಿಕಾ’ ಎಂಬಲ್ಲಿ ಕರ್ತೃವಿನ ಹೆಸರು ಹೆಸರಿನ ನಡುವೆ ಬರುತ್ತದೆ, ಕೊನೆಯಲ್ಲಿ ಏನೂ ಇರುವುದಿಲ್ಲ. ಕೊನೆಯಲ್ಲಿ ಕರ್ತೃ ಕಾಣದೆ ‘ಅಪೂರ್ಣ’ ಎಂದು ಗುರುತು ಹಾಕಿದ ವಿದ್ಯಾರ್ಥಿಗಳನ್ನು ಕೂರಿಸಿ ಹೇಳಿಕೊಡಬೇಕಾಯಿತು.

ಈಗ × ಚಿಹ್ನೆ. ಮೈಸೂರು, ಮಂಡ್ಯದಲ್ಲಿ ಕುಳಿತು ಈ ಕೆಲಸ ಮಾಡುವವರಿಗೆ ಇದರಷ್ಟು ಸ್ವಾರಸ್ಯ ಬೇರೆಲ್ಲೂ ಸಿಗುವುದಿಲ್ಲ, ತಲೆಬಿಸಿಯೂ ಅಷ್ಟೇ.

ಮೊದಲು ಆ ಚಿಹ್ನೆ ಬದುಕಿ ಉಳಿಯಬೇಕು. ಅದು ಗುಣಾಕಾರದ ಚಿಹ್ನೆ, ಇಂಗ್ಲಿಷಿನ ಎಕ್ಸ್ ಅಲ್ಲ. ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ, ಯಾರಾದರೂ ಎಕ್ಸೆಲ್‌ನಲ್ಲಿ ಎರಡು ಸಲ ಒತ್ತಿ ತೆರೆದರೆ ಸಾಕು, × ಇದ್ದಲ್ಲೆಲ್ಲ ತಲೆಯ ಮೇಲೆ ಅಲೆ ಹೊತ್ತ ಎ ಅಕ್ಷರವೂ ಪಕ್ಕದಲ್ಲಿ ಒಂದು ಅಡ್ಡಗೆರೆಯೂ ಬಂದು ಕೂರುತ್ತವೆ. ಮತ್ತೆ ಉಳಿಸಿದರೆ ಅದೇ ಶಾಶ್ವತ. ನಮ್ಮ ಕಡತದಲ್ಲಿ ಈ ಚಿಹ್ನೆಗೆ ಐದಾರು ವೇಷಗಳಿದ್ದವು: ಸಣ್ಣ ಎಕ್ಸ್, ದೊಡ್ಡ ಎಕ್ಸ್, ನಕ್ಷತ್ರ, ಈ ಅಲೆಯ ಜೋಡಿ, ಮತ್ತು ಪಕ್ಕದ ಪದಕ್ಕೆ ಅಂಟಿ ‘ಎಕ್ಸ್‌ಪ್ಯಾರಡಿಸಿಯಾಕಾ’ ಎಂಬ ಹೊಸ ಬಾಳೆಯನ್ನೇ ಸೃಷ್ಟಿಸಿದ್ದು. ಎಲ್ಲ ಎಕ್ಸನ್ನೂ ಒಂದೇ ಏಟಿಗೆ ಬದಲಿಸಲು ಹೋಗಬೇಡಿ, ಮರುಳುಮತ್ತಿಯ ಕುಲವೇ ಎಕ್ಸ್‌ನಿಂದ ಶುರುವಾಗುತ್ತದೆ: ಕ್ಸಾಂಥಿಯಂ.

ಚಿಹ್ನೆ ಉಳಿಯಿತು ಎನ್ನಿ. ಅದರ ಅರ್ಥ ಮೂರು ಥರ. ‘ಮ್ಯೂಸಾ × ಪ್ಯಾರಡಿಸಿಯಾಕಾ ಎಲ್.’ ಎಂದರೆ ಸಂಕರಕ್ಕೆ ಹೆಸರಿಟ್ಟಿದ್ದಾರೆ, ಅದು ಒಂದು ಹೆಸರು, × ಸಮೇತ ಸೈಂಟಿಫಿಕ್‌ನೇಮ್‌ಗೆ ಹೋಗುತ್ತದೆ, ‘ಪ್ಯಾರಡಿಸಿಯಾಕಾ’ ಮಾತ್ರ ಪ್ರಭೇದದ ಕಾಲಂಗೆ. ಕಬ್ಬಿನ ‘ಸ್ಯಾಕರಮ್ ಅಫಿಸಿನೇರಮ್ × ಸ್ಯಾಕರಮ್ ಸ್ಪಾಂಟೇನಿಯಮ್’ ಹೆಸರಲ್ಲ, ಸೂತ್ರ; ಅಪ್ಪ ಅಮ್ಮ ಯಾರೆಂದು ಹೇಳುತ್ತದೆ ಅಷ್ಟೇ. ಇದಕ್ಕೆ ಇಡೀ ಸೂತ್ರ ಸೈಂಟಿಫಿಕ್‌ನೇಮ್‌ನಲ್ಲಿ, ಕುಲದ ಕಾಲಂನಲ್ಲಿ ಸ್ಯಾಕರಮ್, ಪ್ರಭೇದದ ಕಾಲಂ ಖಾಲಿ. ಇಬ್ಬರಲ್ಲಿ ಒಬ್ಬರನ್ನು ಆರಿಸಿ ಅಲ್ಲಿ ಕೂರಿಸುವ ಚಪಲವನ್ನು ತಡೆದುಕೊಳ್ಳಿ. ಜಿಬಿಫ್ ಇದನ್ನು ಕುಲದ ಮಟ್ಟಕ್ಕೆ ಹೊಂದಿಸಿ ಎಚ್ಚರಿಕೆ ಕೊಡುತ್ತದೆ, ಕೊಡಲಿ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಕಡೆಯಿಂದ ಹಿಂದೆ ಯಾರೋ ತಂದಿಟ್ಟ ಕಬ್ಬಿನ ಹಾಳೆಗಳಲ್ಲಿ ಸೂತ್ರವೂ ಇಲ್ಲ. ಬರೀ ‘ಕೊ 419’, ‘ಕೊ 62175’, ‘ಕೊ 86032’. ಕೊ ಎಂದರೆ ಕೊಯಮತ್ತೂರು. 1912ರಲ್ಲಿ ಅಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾಗಿ, ನಾಡು ಕಬ್ಬಿಗೆ ಕಾಡು ಕಬ್ಬು ಬೆರೆಸಿದ ಕೊ 205 ಎಂಬ ತಳಿ 1918ರಲ್ಲಿ ಹೊರಬಂತು. ಈಚಿನ ತಳಿಗಳಲ್ಲಿ ಮೊದಲ ಎರಡಂಕಿ ಇಸವಿ: 62175 ಎಂದರೆ 1962ರ ಸಾಲಿನದು, 86032 ಎಂದರೆ 1986ರದು. 419 ಹಳೆಯ ಸರಣಿಯದು, ಅದರಲ್ಲಿ ಇಸವಿ ಹುಡುಕಬೇಡಿ. ಮಂಡ್ಯದ ರೈತನನ್ನು ಕೇಳಿದರೆ ಈ ನಂಬರುಗಳನ್ನು ಮಕ್ಕಳ ಹೆಸರಿನಂತೆ ಹೇಳುತ್ತಾನೆ, ಡೇಟಾ ಎಂಟ್ರಿಯವರು ಮಾತ್ರ ಒಂದು ಕಡೆ ‘ಕೊ’ ಅನ್ನು ‘ಕಂಪನಿ’ ಎಂದು ಬಿಡಿಸಿ ‘ಕಂಪನಿ 62175’ ಮಾಡಿದ್ದರು. ಇವುಗಳಿಗೆ ಸರಿಯಾದ ಜಾಗ ಕಲ್ಟಿವಾರ್ ಎಪಿಥೆಟ್ ಕಾಲಂ, ಉದ್ಧರಣ ಚಿಹ್ನೆ ಇಲ್ಲದೆ. ಸೈಂಟಿಫಿಕ್‌ನೇಮ್‌ನಲ್ಲಿ ಕುಲದ ಪಕ್ಕದಲ್ಲಿ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆದೆ, ಕೋಡ್ ಕಾಲಂನಲ್ಲಿ ಕೃಷಿ ಸಸ್ಯಗಳ ಸಂಹಿತೆ ಐಸಿಎನ್‌ಸಿಪಿ. ನೇರವಾಗಿ ‘ಅಫಿಸಿನೇರಮ್’ ಎಂದು ಬರೆದಿದ್ದರೆ ಎಚ್ಚರಿಕೆ ಇಲ್ಲದೆ ದಾಟುತ್ತಿತ್ತು, ಸುಳ್ಳಾಗುತ್ತಿತ್ತು.

ಇದೇ ಹುರುಪಿನಲ್ಲಿ ನಂಜನಗೂಡು ರಸಬಾಳೆಗೂ ಕೈಹಾಕಿದೆ. ಬಾಳೆಯವರಿಗೆ 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಹಾಕಿಕೊಟ್ಟ, ಯಾವ ಕಾಡುಬಾಳೆಯ ಪಾಲು ಎಷ್ಟು ಎಂದು ಹೇಳುವ ಎಎಬಿ, ಎಎಎ ಲೆಕ್ಕವೇ ವೇದ. ರಸಬಾಳೆ ಎಎಬಿ ಗುಂಪಿನದು. ‘ಮ್ಯೂಸಾ × ಪ್ಯಾರಡಿಸಿಯಾಕಾ’ ಎಂದು ಬರೆದರೆ ಅವರು ನಗುತ್ತಾರೆ, ‘ಎಎಬಿ’ ಎಂದು ಹೆಸರಿನಲ್ಲೇ ಬರೆದರೆ ಪಾರ್ಸರ್ ಮುಗ್ಗರಿಸುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ‘ಮ್ಯೂಸಾ’ ಪಕ್ಕದಲ್ಲಿ ತಳಿಯ ಹೆಸರು, ಎಎಬಿಗೆ ಟ್ಯಾಕ್ಸನ್ ರಿಮಾರ್ಕ್ಸ್ ಎಂದು ತೀರ್ಮಾನಿಸಿದೆ. ನಾಲ್ಕು ಹಾಳೆಗಳಿಗಾಗಿ ಇಷ್ಟು ಮಂಡೆ ಕೆಡಿಸಿಕೊಳ್ಳಬೇಕಿತ್ತೇ ಎಂದು ಮನೆಯವರು ಕೇಳಿದರು. ರಾಜಮುಡಿ ಭತ್ತದ ಹಾಳೆಗಳು ಬಂದಾಗ ಅದೇ ನಿಯಮ ಯಾವ ಮಾತಿಲ್ಲದೆ ಹೊಂದಿಕೊಂಡಿತು.

× ಚಿಹ್ನೆಯ ಮೂರನೆಯ ಅರ್ಥ ರೇಷ್ಮೆಯದು. ದಾಖಲೆಯಲ್ಲಿ ‘ಪಿಎಂ × ಸಿಎಸ್‌ಆರ್2’. ಪಿಎಂ ಎಂದರೆ ನಮ್ಮ ಶುದ್ಧ ಮೈಸೂರು ತಳಿ. ಇಲ್ಲಿ × ಎರಡು ಪ್ರಭೇದಗಳ ನಡುವಿನದಲ್ಲವೇ ಅಲ್ಲ. ಎರಡೂ ಒಂದೇ ಪ್ರಭೇದದ ತಳಿಗಳು. ಪ್ರಾಣಿಗಳ ನಾಮಕರಣ ಸಂಹಿತೆ ಸಾಕು ತಳಿಗಳಿಗೆ ಹೆಸರಿಡುವ ಉಸಾಬರಿಗೆ ಹೋಗುವುದಿಲ್ಲ, ಕಲ್ಟಿವಾರ್ ಕಾಲಂ ಗಿಡಗಳಿಗೆ ಮೀಸಲು. ಹಾಗಾಗಿ ಹೆಸರು ‘ಬಾಂಬಿಕ್ಸ್ ಮೋರಿ (ಲಿನೇಯಸ್, 1758)’ ಅಷ್ಟೇ. ತಳಿಯ ವಿವರ ಆರ್ಗನಿಸಂ ರಿಮಾರ್ಕ್ಸ್‌ಗೆ. ಎಲ್ಲ × ಸಾಲುಗಳನ್ನೂ ‘ಸಂಕರ’ ಎಂದು ಒಂದೇ ಚೀಲಕ್ಕೆ ತುಂಬಿದ ಕಡತಗಳನ್ನು ನೋಡಿದ್ದೇನೆ, ಅವುಗಳಲ್ಲಿ ರೇಷ್ಮೆಹುಳು ನಾಪತ್ತೆ.

ಹಳೆಯ ಹೆಸರಿಗೆ ಈಗಿನ ಹೆಸರು ಹಚ್ಚುವ ವಿಷಯದಲ್ಲಿ ನನ್ನ ಹಟ ಎಲ್ಲರಿಗೂ ಗೊತ್ತು: ಚೀಟಿಯ ಹೆಸರನ್ನು ಅಳಿಸಬೇಡಿ, ಒಪ್ಪಿತ ಹೆಸರನ್ನು ಅಕ್ಸೆಪ್ಟೆಡ್ ನೇಮ್ ಯೂಸೇಜ್‌ನಲ್ಲಿ ಪಕ್ಕಕ್ಕಿಡಿ. ಯಾಕೆ ಎಂದು ಕೇಳುವವರಿಗೆ ದಿಂಡಿಗದ ಮರ ತೋರಿಸುತ್ತೇನೆ. ಎಚ್.ಡಿ. ಕೋಟೆ ಕಾಡಿನ ಹಾಳೆಗಳಲ್ಲಿ ಅದು ‘ಅನೋಗೈಸಸ್ ಲ್ಯಾಟಿಫೋಲಿಯ’. ಆ ಕುಲವನ್ನು ಟರ್ಮಿನೇಲಿಯದೊಳಗೆ ಸೇರಿಸಿದ ಮೇಲೆ ಹುಷಾರು ಹುಡುಗರೊಬ್ಬರು ಬೇರೊಂದು ಕಡತದಲ್ಲಿ ಕುಲದ ಪದ ಮಾತ್ರ ಬದಲಿಸಿ ‘ಟರ್ಮಿನೇಲಿಯ ಲ್ಯಾಟಿಫೋಲಿಯ’ ಮಾಡಿದ್ದರು. ಆ ಹೆಸರು ಅದಾಗಲೇ ಸ್ವಾರ್ಟ್ಸ್ ಎಂಬಾತ ಜಮೈಕಾದ ಒಂದು ಮರಕ್ಕೆ ಇಟ್ಟದ್ದು. ಅದಕ್ಕೇ 2017ರಲ್ಲಿ ನಮ್ಮ ದಿಂಡಿಗಕ್ಕೆ ‘ಟರ್ಮಿನೇಲಿಯ ಅನೋಗೈಸಿಯಾನಾ’ ಎಂಬ ಹೊಸ ಹೆಸರು ಕಟ್ಟಬೇಕಾಯಿತು. ಹೀಗೆ ಕಬಿನಿಯ ಹಿನ್ನೀರಿನ ಪಕ್ಕದಲ್ಲಿ ಜಮೈಕಾದ ಮರ ಬೆಳೆದು ನಿಂತಿತ್ತು. ಕರ್ತೃವಿನ ಹೆಸರು ಉಳಿಸಿಕೊಂಡಿದ್ದರೆ ಒಂದೇ ನೋಟಕ್ಕೆ ಸಿಗುತ್ತಿತ್ತು. ಎರಡೇ ಪದ ಸಾಕು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ಕೇಳಬೇಕು.

ಒಂದೇ ಹಾಳೆಯ ಮೇಲೆ ಮೂರು ನಾಲ್ಕು ಜನ ಬೇರೆಬೇರೆ ಕಾಲದಲ್ಲಿ ಅಂಟಿಸಿದ ಗುರುತಿನ ಚೀಟಿಗಳಿಗೆ ಐಡೆಂಟಿಫಿಕೇಶನ್ ಹಿಸ್ಟರಿ ವಿಸ್ತರಣೆ ಬಳಸಿದೆ. ತೀರಾ ಸಲೀಸು, ಬರೆಯುವಂಥದ್ದೇನಿಲ್ಲ. ತಪ್ಪಾಗಿ ಅನ್ವಯಿಸಿದ, ‘ಸೆನ್ಸು’ (ಇಂಥವರ ಅರ್ಥದಲ್ಲಿ), ‘ನಾನ್’ (ಇಂಥವರದಲ್ಲ) ಇರುವ ಹೆಸರುಗಳಲ್ಲಿ ‘ಸೆನ್ಸು’ವಿನ ನಂತರ ಬರುವ ವ್ಯಕ್ತಿಯನ್ನು ನೇಮ್ ಅಕಾರ್ಡಿಂಗ್ ಟು ಕಾಲಂಗೆ ಕಳಿಸಿದೆ, ಅವು ಎಪ್ಪತ್ತೆಂಬತ್ತಿದ್ದವು.

ನಡುವೆ ಒಂದು ಅಡ್ಡದಾರಿ. ಚೀಟಿಗಳ ಫೋಟೊ ಹೊಡೆದು ಯಂತ್ರದಿಂದಲೇ ಓದಿಸಿದರೆ 22,000 ಉಳಿಯುತ್ತದಲ್ಲ ಎಂದು ಹೊಳೆದಿತ್ತು. ಮಂಡಿ ಮೊಹಲ್ಲಾದ ಬಡಗಿಯ ಕೈಯಲ್ಲಿ 1,800ಕ್ಕೆ ಕ್ಯಾಮೆರಾ ಸ್ಟ್ಯಾಂಡ್ ಮಾಡಿಸಿದೆ, ಎಲ್‌ಇಡಿ ದೀಪಕ್ಕೆ 900. ಟೈಪ್‌ರೈಟರ್ ಚೀಟಿಗಳನ್ನು ಚೆನ್ನಾಗಿಯೇ ಓದಿತು, ಕರ್ತೃಗಳಾದ ‘ವೈಟ್ & ಆರ್ನ್.’ ಇದ್ದಲ್ಲೆಲ್ಲ ‘ವೈಟ್ 8 ಆರ್ನ್.’ ಎಂದದ್ದನ್ನು ಬಿಟ್ಟರೆ. ಮಸಿ ಪೆನ್ನಿನ ಕೂಡಕ್ಷರದ ಮುಂದೆ ಕೈಚೆಲ್ಲಿತು. ನಮ್ಮಲ್ಲಿ ಮುಕ್ಕಾಲು ಪಾಲು ಅಂಥವೇ. ಸ್ಟ್ಯಾಂಡ್ ಮಾತ್ರ ಗಟ್ಟಿಯಾಗಿದೆ, ಬೇಕಾದವರು ಒಯ್ಯಬಹುದು.

ಒಟ್ಟು ಲೆಕ್ಕ: ಹಾಳಾದ 66,000 ಬಿಟ್ಟರೆ ಮರುಟೈಪು, ಒಬ್ಬ ವಿದ್ಯಾರ್ಥಿನಿಗೆ ತಿಂಗಳಿಗೆ 8,000ದಂತೆ ಕೆಲವು ತಿಂಗಳ ಭತ್ಯೆ, ಒಂದು ಹಾರ್ಡ್ ಡಿಸ್ಕ್, ಎಲ್ಲ ಸೇರಿ 60,000 ದಾಟಲಿಲ್ಲ. ತಂತ್ರಾಂಶಕ್ಕೆ ಒಂದು ಪೈಸೆಯೂ ಕೊಟ್ಟಿಲ್ಲ.

ಬಗೆ ವಿಂಗಡಿಸುವಾಗ ಕೈಗೆ ವೇಗ ಬಂದದ್ದು ಪಟ್ಟಿಯನ್ನು ಹೆಸರಿನ ಬಾಲದಿಂದ ತಲೆಯ ಕಡೆಗೆ ಅಕಾರಾದಿ ಮಾಡಿದ ಮೇಲೆ. ಒಂದೇ ಕರ್ತೃವಿನ ಹೆಸರುಗಳೆಲ್ಲ ಪಕ್ಕಪಕ್ಕ ಬಂದು ಕೂರುತ್ತವೆ, ತಪ್ಪು ತಾನಾಗಿ ಎದ್ದು ಕಾಣುತ್ತದೆ. ‘ಎಲ್.ಎಫ್.’ ಮತ್ತು ಫಾರ್ಮಾ ಬೇರ್ಪಡಿಸುವ ನನ್ನ ಸೂತ್ರವನ್ನು, ‘ಅಕೇಶಿಯ ಇಂಡಿಕಾ’ ಥರದ ನುಣುಪು ಸುಳ್ಳುಗಳನ್ನು ಹಿಡಿಯುವ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಅವೆರಡಕ್ಕೂ ಈಗ ಗಿರಾಕಿಗಳಿದ್ದಾರೆ. ಮಂಡ್ಯದ ಒಂದು ಕಾಲೇಜಿನವರು ನಾಲ್ಕು ಸಾವಿರ ಹಾಳೆಗಳ ಕೆಲಸ ಕೇಳಿದ್ದಾರೆ. ಹಾಳೆಯ ಲೆಕ್ಕದಲ್ಲಿ ಅಲ್ಲ, ಬೇರೆಬೇರೆ ಹೆಸರಿನ ಲೆಕ್ಕದಲ್ಲಿ ದರ ಹೇಳಿದ್ದೇನೆ, ಹೆಸರಿಗೆ 12 ರೂಪಾಯಿ. ದುಬಾರಿ ಎಂದು ಗೊಣಗಿ ಒಪ್ಪಿದರು. ಷರತ್ತು ಒಂದೇ: ಯಾರೂ ‘ಸ್ವಚ್ಛ’ ಮಾಡಿರದ ಮೂಲ ಕಡತವನ್ನೇ ಕಳಿಸಬೇಕು, ಎಕ್ಸೆಲ್‌ನಲ್ಲಿ ತೆರೆದು ನೋಡದೆ.